ಗೋಧಿ ಬಿಟ್ಟರೂ ಬಿಡದ ಜೋಮು

“ಡಾಕ್ಟ್ರೇ, ಪಾದದ ಮೇಲೆ ಇರುವೆ ಹರಿದ ಹಾಗಾಗುತ್ತೆ. ರಾತ್ರಿ ಹೊದಿಕೆ ತಾಗಿದರೂ ಉರಿ. ಮನೆಯಲ್ಲಿ ಎಲ್ಲರೂ ಇದು ನಿನ್ನ ಭ್ರಮೆ ಅಂತಾರೆ.”

ಕೆಲವು ವರ್ಷಗಳ ಹಿಂದೆ ನಲವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ನನ್ನ ಮುಂದೆ ಕುಳಿತು ಹೀಗೆಂದರು. ಅವರಿಗೆ ಸೀಲಿಯಾಕ್ ರೋಗವಿರುವುದು ಎರಡು ವರ್ಷ ಮೊದಲೇ ಪತ್ತೆಯಾಗಿತ್ತು. ಗೋಧಿ ಬಿಟ್ಟಿದ್ದರು, ಭೇದಿ ನಿಂತಿತ್ತು, ತೂಕವೂ ಸ್ವಲ್ಪ ಏರಿತ್ತು. ಹೊಟ್ಟೆಯೇ ಸರಿಹೋದ ಮೇಲೆ ಕಾಲಿಗೇನು ಬಂತು? ಮುಖ ಬಿಳಿಚಿಕೊಂಡಿದ್ದರಿಂದ ನಾನು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಬರೆದು, ಚಿಂತೆ ಮಾಡಬೇಡಿ ಎಂದು ಕಳುಹಿಸಿದೆ. ಅದು ನನ್ನ ತಪ್ಪು. ಯಾಕೆಂದು ಮುಂದೆ ಹೇಳುತ್ತೇನೆ.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ಚಪಾತಿ ಹಿಟ್ಟಿಗೆ ಎಳೆದರೆ ಹಿಗ್ಗುವ ಗುಣ ಬರುವುದು ಇದರಿಂದಲೇ. ಅನುವಂಶಿಕವಾಗಿ ಒಲವಿರುವ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಈ ಪ್ರೋಟೀನಿನ ನೆಪದಲ್ಲಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರ ಹೀರುವ ಬೆರಳಿನಂಥ ಸೂಕ್ಷ್ಮ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಾಲೆಂಡಿನಲ್ಲಿ ಬ್ರೆಡ್ ಸಿಗದಂತಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಅಲ್ಲಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಇದನ್ನು ಗಮನಿಸಿ, 1950ರ ಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಇದು ಉತ್ತರದ ರಾಜ್ಯಗಳಲ್ಲಿ ಹೆಚ್ಚು, ದಕ್ಷಿಣದಲ್ಲಿ ಬಹಳ ಕಡಿಮೆ. ಹೀಗಾಗಿ ಇಲ್ಲಿನ ವೈದ್ಯರಿಗೆ ಇದು ತಟ್ಟನೆ ಹೊಳೆಯುವುದಿಲ್ಲ.

ಮೂರು ತಿಂಗಳ ನಂತರ ಆ ಶಿಕ್ಷಕಿ ಮತ್ತೆ ಬಂದರು. ಹಿಮೋಗ್ಲೋಬಿನ್ ಏರಿತ್ತು, ಕಾಲು ಮಾತ್ರ ಕೆಟ್ಟಿತ್ತು. ಚಪ್ಪಲಿ ಜಾರಿ ಹೋದದ್ದೂ ತಿಳಿಯುವುದಿಲ್ಲವಂತೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಓಲಾಡಿದಂತಾಗಿ ಗೋಡೆ ಹಿಡಿಯಬೇಕಂತೆ. ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಪಾದದ ಗಂಟಿಗಿಟ್ಟೆ, ಕಂಪನ ಗೊತ್ತಾಗಲಿಲ್ಲ. ರಕ್ತದಲ್ಲಿ ವಿಟಮಿನ್ ಬಿ12 ತೀರಾ ಕಡಿಮೆಯಿತ್ತು.

ಫೋಲಿಕ್ ಆಮ್ಲದ ಅಪಾಯ ಇರುವುದು ಇಲ್ಲೇ. ಬಿ12 ಕೊರತೆ ಇರುವವರಿಗೆ ಅದನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸುತ್ತದೆ, ಕೊರತೆಯ ಸುಳಿವು ಮರೆಯಾಗುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಸೀಲಿಯಾಕ್ ರೋಗಿ ಸಸ್ಯಾಹಾರಿಯೂ ಆಗಿದ್ದರೆ, ಆಕೆಯಂತೆ, ಬಿ12 ಕೊರತೆಗೆ ಎರಡು ಕಾರಣಗಳು. ತಾಮ್ರದ ಅಂಶ ಕುಸಿದರೂ ಇದೇ ಬಗೆಯ ಜೋಮು, ತೂರಾಟ ಬರಬಹುದು. ಕ್ಯಾಲ್ಸಿಯಂ, ವಿಟಮಿನ್ ಡಿ ಇಳಿದರೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಚುಮುಚುಮು, ಮೀನಖಂಡದ ಸೆಳೆತ. ಥೈರಾಯ್ಡ್ ತೊಂದರೆ ಮತ್ತು ಒಂದನೇ ಬಗೆಯ ಮಧುಮೇಹ ಈ ರೋಗದ ಜೊತೆಗೆ ಬರುವ ನೆಂಟರು. ಅವೂ ನರಗಳನ್ನು ಕಾಡುತ್ತವೆ.

ಕೊರತೆ ಒಂದೂ ಇಲ್ಲದೆ ನರಗಳೇ ನೇರವಾಗಿ ಪೆಟ್ಟು ತಿನ್ನುವುದೂ ಉಂಟು. ಇಂಗ್ಲೆಂಡಿನ ಶೆಫೀಲ್ಡ್ ನಗರದ ನರರೋಗ ವೈದ್ಯರು, ಕಾರಣ ತಿಳಿಯದ ನರರೋಗಿಗಳಲ್ಲಿ ಗ್ಲುಟೆನ್ ವಿರುದ್ಧದ ಪ್ರತಿಕಾಯಗಳು ಹೆಚ್ಚಾಗಿ ಸಿಗುವುದನ್ನು 1996ರಲ್ಲಿ ಪ್ರಕಟಿಸಿದರು. ಅಂಥ ಕೆಲವರಿಗೆ ಹೊಟ್ಟೆಯ ತೊಂದರೆ ಏನೂ ಇರುವುದಿಲ್ಲ.

ಆಕೆಗೆ ಬಿ12 ಚುಚ್ಚುಮದ್ದು ಶುರುಮಾಡಿದೆ. ಆದರೆ ಟಿಟಿಜಿ ಎಂಬ ರಕ್ತಪರೀಕ್ಷೆಯ ಅಂಕಿ ಎರಡು ವರ್ಷದ ಪಥ್ಯದ ನಂತರವೂ ಏರಿಯೇ ಇತ್ತು. ಅಂದರೆ ಗ್ಲುಟೆನ್ ಎಲ್ಲಿಂದಲೋ ಒಳಗೆ ಹೋಗುತ್ತಿದೆ. ಆಕೆ ಆಣೆ ಮಾಡಿ ಹೇಳಿದರು, ಗೋಧಿ ಮುಟ್ಟಿಲ್ಲವೆಂದು. ನಂಬಿದೆ. ಅಡುಗೆಮನೆಯ ಡಬ್ಬಿಗಳ ಪಟ್ಟಿ ಬರೆದು ತರಲು ಹೇಳಿದೆ. ಸಾರಿಗೆ ಹಾಕುವ ಪುಡಿ ಹಿಂಗಿನಲ್ಲಿ ಮೈದಾ ಬೆರೆತಿತ್ತು! ಕುಡಿಯುವ ಪೇಯದ ಪುಡಿಯಲ್ಲಿ ಬಾರ್ಲಿಯ ಮಾಲ್ಟ್. (ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಡುವ ಮಾಲ್ಟ್ ಬೇರೆ, ಅದರಲ್ಲಿ ಗ್ಲುಟೆನ್ ಇಲ್ಲ.) ಇನ್ನು ರಾಗಿ ಹಿಟ್ಟು. ರಾಗಿ ನಿರಪಾಯಿಯೇ, ಆದರೆ ಬೀಸಿಸುತ್ತಿದ್ದುದು ಪಕ್ಕದ ಬೀದಿಯ ಗಿರಣಿಯಲ್ಲಿ, ಹಿಂದಿನವರ ಗೋಧಿ ಇಳಿದ ಕೂಡಲೇ. ಜೊತೆಗೆ ದೇವಸ್ಥಾನದ ಸಜ್ಜಿಗೆ ಪ್ರಸಾದ. ಚಮಚದಷ್ಟು ತಿಂದರೆ ಏನಾಗುತ್ತದೆ ಎಂದು ಅತ್ತೆಯವರು ಕೇಳಿದರಂತೆ. ಒಂದು ಚಪಾತಿಯಲ್ಲಿ ಸುಮಾರು 2ರಿಂದ 3 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂನಂತೆ ಕೆಲವು ತಿಂಗಳು ಒಳಸೇರಿದರೂ ಕರುಳಿಗೆ ಹಾನಿಯಾಗುತ್ತದೆ. ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದು ಬರೆಯಲು ನಮ್ಮಲ್ಲಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ.

ಹಿಂಗನ್ನು ಬದಲಿಸಿದರು, ರಾಗಿ, ಜೋಳ ಮನೆಯಲ್ಲೇ ಬೀಸತೊಡಗಿದರು. ನರಗಳು ನಿಧಾನ ಸ್ವಭಾವದವು. ಆರು ತಿಂಗಳಿಗೆ ಉರಿ ತಗ್ಗಿತು, ವರ್ಷದ ಹೊತ್ತಿಗೆ ಕಣ್ಣು ಮುಚ್ಚಿ ನಿಲ್ಲುವಂತಾದರು. ಬೆರಳುಗಳ ಮರಗಟ್ಟುವಿಕೆ ಸ್ವಲ್ಪ ಉಳಿದೇ ಇದೆ. ಮೊದಲ ಭೇಟಿಯಲ್ಲೇ ಪರೀಕ್ಷೆ ಮಾಡಿಸಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ.

ಆತಂಕದಿಂದಲೂ ಮೈ ಜುಮ್ಮೆನ್ನುವುದು ನಿಜ. ಆದರೆ ಆ ಹಣೆಪಟ್ಟಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಂಟಿಸಬೇಕಾದದ್ದು. ಒಂದೇ ಪಕ್ಕ ಹಠಾತ್ತನೆ ಮರಗಟ್ಟಿದರೆ, ಮಾತು ತೊದಲಿದರೆ, ಕಾಲಿನ ಬಲ ಬೇಗನೆ ಇಳಿಯತೊಡಗಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇದನ್ನು ಓದಿ ತಮಗೂ ಇದೇ ರೋಗವಿರಬಹುದೆಂದು ಯಾರೂ ನಾಳೆಯಿಂದಲೇ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತಪರೀಕ್ಷೆಯೂ ಕರುಳಿನ ಬಯಾಪ್ಸಿಯೂ ಸುಳ್ಳು ಸಮಾಧಾನ ಕೊಡುತ್ತವೆ. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳೂ ಒಮ್ಮೆ ಟಿಟಿಜಿ ಮಾಡಿಸುವುದು ಒಳ್ಳೆಯದು. ಶಿಕ್ಷಕಿಯ ಮಗಳನ್ನು ಪರೀಕ್ಷಿಸಿದಾಗ ಅವಳಿಗೂ ಇದ್ದದ್ದು ತಿಳಿಯಿತು. ಅವಳಿಗೆ ಹೊಟ್ಟೆನೋವಾಗಲೀ ಭೇದಿಯಾಗಲೀ ಇರಲಿಲ್ಲ. ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಅಷ್ಟೆ.