ಸೈಕಾಲಜಿಸ್ಟ್ ಬೋರ್ಡಿನ ಹಿಂದೆ ಏಳು ವರ್ಷದ ಓದು

ಕಾಸರಗೋಡು: ಮಗುವಿಗೆ ಓದು ತಲೆಗೆ ಹತ್ತುವುದಿಲ್ಲ, ಮನೆಯಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ನಿದ್ದೆಯಿಲ್ಲ, ಇನ್ನೊಬ್ಬರಿಗೆ ಕುಡಿತ ಬಿಡಲಾಗುತ್ತಿಲ್ಲ. ಇಂತಹ ತೊಂದರೆಗಳಿಗೆ ಈಗ ಜನರು ಪೇಟೆಯ ಸೈಕಾಲಜಿಸ್ಟರ ಬಳಿಗೆ ಹೋಗುತ್ತಾರೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಒಳಗೆ ಕುಳಿತವರು ಏನು ಕಲಿತಿದ್ದಾರೆ ಎಂದು ಕೇಳುವವರು ಕಡಿಮೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗ ಶಾಸ್ತ್ರದಲ್ಲಿ ಹೆಚ್ಚಿನ ಓದು ಮಾಡಿದ ಡಾಕ್ಟರರು. ಅವರು ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟರು, ಅಂದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಔಷಧಿ ಬರೆಯುವುದಿಲ್ಲ. ಮಾತುಕತೆ, ಪರೀಕ್ಷೆ ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುತ್ತಾರೆ. ಔಷಧಿ ಅಗತ್ಯವೆಂದು ಕಂಡರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.

ಇವರ ದಾರಿ ಸುಲಭದ್ದಲ್ಲ. ಪ್ಲಸ್ ಟು ನಂತರ ಮೂರು ವರ್ಷದ ಪದವಿ, ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ., ಬಳಿಕ ಎರಡು ವರ್ಷದ ಎಂ.ಫಿಲ್. ಹೀಗೆ ಏಳು ವರ್ಷ ಓದಿ ಬಂದವರೇ ಹೆಚ್ಚು. ಎಂ.ಫಿಲ್. ಬರೀ ಪುಸ್ತಕದ ಓದಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಕೋಝಿಕ್ಕೋಡಿನ ಇಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಹಿರಿಯರ ಕಣ್ಣೆದುರು ರೋಗಿಗಳನ್ನು ನೋಡಿ ಕಲಿಯಬೇಕು. 2024ರಲ್ಲಿ ಯು.ಜಿ.ಸಿ. ಈ ಎಂ.ಫಿಲ್.ಗೆ 2025-26ರ ಸಾಲಿನವರೆಗೆ ಮಾತ್ರ ಮಾನ್ಯತೆ ವಿಸ್ತರಿಸಿತ್ತು. ಆದ್ದರಿಂದ ಹೊಸದಾಗಿ ಓದಬೇಕೆಂದಿರುವ ವಿದ್ಯಾರ್ಥಿಗಳು ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿಯೇ ಸೇರಬೇಕು.

ಓದು ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ಯಲ್ಲಿ, ಹೆಸರು ನೋಂದಾಯಿಸಬೇಕು. 1992ರ ಕಾಯ್ದೆಯಂತೆ ನೋಂದಣಿ ಇಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸೈಕಾಲಜಿ ಎಂ.ಎ. ಮಾತ್ರ ಮಾಡಿದವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಅನೇಕರು ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದು, ಕೈ ಪಳಗಿದ ನಂತರವೇ ಸ್ವಂತ ಕ್ಲಿನಿಕ್ ತೆರೆಯುತ್ತಾರೆ.

ಗಡಿನಾಡಿನವರಿಗೆ ಇನ್ನೊಂದು ಮಾತು. ಆರ್.ಸಿ.ಐ. ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಮಂಗಳೂರಿನವರು ಕಾಸರಗೋಡಿನಲ್ಲಿ, ಇಲ್ಲಿಯವರು ಅಲ್ಲಿ ಕ್ಲಿನಿಕ್ ನಡೆಸಬಹುದು. ಆದ್ದರಿಂದ ರಾಜ್ಯ ಯಾವುದೆಂದು ನೋಡುವುದಕ್ಕಿಂತ ಭಾಷೆ ಯಾವುದೆಂದು ನೋಡಿ. ಈ ಚಿಕಿತ್ಸೆಯಲ್ಲಿ ಮಾತೇ ಔಷಧಿ. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಗುವನ್ನು ಅದಕ್ಕೆ ಸರಿಯಾಗಿ ಬಾರದ ಭಾಷೆಯಲ್ಲಿ ಪರೀಕ್ಷಿಸಿದರೆ ಬುದ್ಧಿಮಟ್ಟ ಕಡಿಮೆ ಎಂದು ತಪ್ಪಾಗಿ ತೋರುವ ಅಪಾಯವಿದೆ.

ಹೋದಾಗ ನೋಂದಣಿ ಸಂಖ್ಯೆ, ಓದಿದ ಸಂಸ್ಥೆ, ಬಲ್ಲ ಭಾಷೆ ಈ ಮೂರನ್ನು ಕೇಳಿ. ಸರಿಯಾಗಿ ಕಲಿತವರು ಬೇಸರಿಸುವುದಿಲ್ಲ. ಹೋಗಲು ಅನುಕೂಲ ಇಲ್ಲದವರು ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.