ಗೋಕಾಕದ ಕಮರಿಯಲ್ಲಿ ಒಂದು ವಿಜ್ಞಾನ ಪಾಠ

“ಸರ್, ನೀರು ಚಹಾದಂಗ ಕಾಣ್ತದಲ್ರಿ!” ತೂಗುಸೇತುವೆಯ ನಡುವೆ ನಿಂತು ಹುಡುಗನೊಬ್ಬ ಕೂಗಿದ. ಮಳೆಗಾಲದ ಘಟಪ್ರಭೆಯ ಬಣ್ಣವೇ ಹಾಗೆ. ಮೇಲಿನ ಊರುಗಳ ಹೊಲದ ಮಣ್ಣೆಲ್ಲ ಅದರಲ್ಲಿರುತ್ತದೆ.

ಬೆಳಗಾವಿಯಿಂದ ಸುಮಾರು 60 ಕಿಲೋಮೀಟರ್ ದೂರದ ಗೋಕಾಕ ಜಲಪಾತವನ್ನು ನೋಡಲು ಜುಲೈನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ. ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯ ಮೇಲೆ ಮಕ್ಕಳು ಕವಾಯತಿನಂತೆ ಹೆಜ್ಜೆ ಕೂಡಿಸಿ ನಡೆಯಬಾರದು. ಹೆಜ್ಜೆಯ ಲಯ ಸೇತುವೆಯ ತೂಗಾಟದ ಲಯಕ್ಕೆ ಹೊಂದಿದರೆ ತೂಗಾಟ ಹೆಚ್ಚುತ್ತದೆ. ಪುಸ್ತಕದಲ್ಲಿ ಓದುವ ಅನುರಣನೆ ಇದೇ.

ನೀರು ಬೀಳುವ ಎತ್ತರ 52 ಮೀಟರ್. ಒಂಬತ್ತನೇ ತರಗತಿಯ ಸೂತ್ರ ಹಾಕಿದರೆ ಬೀಳಲು ಬೇಕಾದ ಸಮಯ ಸುಮಾರು 3.3 ಸೆಕೆಂಡು. ನೊರೆಯ ಒಂದು ಮುದ್ದೆಯ ಮೇಲೆ ಕಣ್ಣಿಟ್ಟು ಕೈಗಡಿಯಾರದಿಂದ ಅಳೆದರೆ ಹೆಚ್ಚೇ ಬರುತ್ತದೆ. ಗಾಳಿಯ ತಡೆಯನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲವಲ್ಲ! ಬಿದ್ದ ನೀರಿನ ಶಕ್ತಿಯೆಲ್ಲ ಶಾಖವಾದರೆ ಅದು ಬಿಸಿಯಾಗುವುದು 0.12 ಡಿಗ್ರಿ ಸೆಲ್ಸಿಯಸ್ ಮಾತ್ರ. ಜೇಮ್ಸ್ ಜೂಲ್ 1847ರಲ್ಲಿ ಹೊಸ ಹೆಂಡತಿಯೊಡನೆ ಆಲ್ಪ್ಸ್ ಪರ್ವತಗಳಿಗೆ ಹೋದಾಗಲೂ ಜಲಪಾತದ ನೀರನ್ನು ಅಳೆಯಲು ಉಷ್ಣಮಾಪಕ ಹಿಡಿದೇ ಹೋಗಿದ್ದನಂತೆ. ಆ ತಾಯಿ ಏನೆಂದುಕೊಂಡಳೋ!

ಕಮರಿಯ ಗೋಡೆಯನ್ನೂ ನೋಡಬೇಕು. ಮರಳುಗಲ್ಲಿನ ಪದರಗಳು ಒಂದರ ಮೇಲೊಂದು ಪುಸ್ತಕ ಜೋಡಿಸಿಟ್ಟಂತಿವೆ. ಬುಡವನ್ನು ನೀರು ಕೊರೆದಂತೆ ಮೇಲಿನ ಕಲ್ಲು ಆಸರೆ ತಪ್ಪಿ ಬೀಳುತ್ತದೆ. ಜಲಪಾತ ಇಂಚಿಂಚಾಗಿ ಹಿಂದಕ್ಕೆ ಸರಿಯುತ್ತದೆ. ಅದು ಹಿಂದೆ ಸರಿದ ದಾರಿಯೇ ಈ ಕಮರಿ.

ಒಂದು ವರ್ಷ ನನ್ನ ತಪ್ಪೂ ಆಯಿತು. ಬಸ್ಸು ಹತ್ತುವಾಗ ಮಾತ್ರ ತಲೆ ಎಣಿಸುವ ರೂಢಿ ನನ್ನದು. ಬುತ್ತಿ ಡಬ್ಬಿ ತೊಳೆಯಲು ಹುಡುಗನೊಬ್ಬ ಅಂಚಿನ ಬಂಡೆಗೆ ಇಳಿದಿದ್ದ. ಒದ್ದೆ ಕಲ್ಲಿನ ಮೇಲೆ ಹಸಿರು ಪಾಚಿ, ಕಾಲಲ್ಲಿ ಸವೆದ ಪ್ಲಾಸ್ಟಿಕ್ ಚಪ್ಪಲಿ. ಜಾರಿದವನ ಅಂಗಿಯನ್ನು ಗೆಳೆಯ ಹಿಡಿದುಕೊಂಡ. ಡಬ್ಬಿ ಹೋಯಿತು, ಹುಡುಗ ಉಳಿದ. ಘರ್ಷಣೆಯ ಪಾಠವನ್ನು ಹಿಂದಿನ ವಾರವಷ್ಟೇ ಮಾಡಿದ್ದೆ. ಆದರೆ ಪಾಚಿಯ ಮಾತನ್ನೇ ಎತ್ತಿರಲಿಲ್ಲ.

ಮೇಲ್ಗಡೆ ಹಿಡಕಲ್ ಅಣೆಕಟ್ಟಿದೆ. ಅಲ್ಲಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ನೀರು ಹೆಚ್ಚಿದ್ದು ಸೇತುವೆಗೆ ಬಿಡದಿದ್ದರೆ ಕಾವಲುಗಾರರೊಡನೆ ವಾದಿಸಬೇಡಿ, ದಡದಿಂದಲೇ ನೋಡಿ. ಹೋಗುವ ಮಕ್ಕಳಿಗೆ ಹಿಡಿತವಿರುವ ರಬ್ಬರ್ ತಳದ ಬೂಟು ಹಾಕಿಸಿ. ಡಬ್ಬಿಯನ್ನು ಮನೆಗೆ ಬಂದು ತೊಳೆದರಾಯಿತು.