ಬಿರುಬಿಸಿಲಲ್ಲಿ ಆಣೆಕಲ್ಲು ಎಲ್ಲಿಂದ?

ಏಪ್ರಿಲ್ ತಿಂಗಳು, ಮೈ ಸುಡುವ ಬಿಸಿಲು. ಮಧ್ಯಾಹ್ನ ಮೂರಕ್ಕೆ ಮೋಡ ಏಳ್ತದೆ, ನಾಲ್ಕಕ್ಕೆ ತೋಟದ ಮೇಲೆ ಆಣೆಕಲ್ಲು ಬಡೀತದೆ. ಇಷ್ಟು ಸೆಕೆಯಲ್ಲಿ ಐಸು ಎಲ್ಲಿಂದ ಬಂತು? ಆ ಸೆಕೆಯಿಂದಲೇ ಬಂತು.

ತುಳಸಿಗೇರಿ ಸುತ್ತಿನ ಕಾದ ನೆಲದ ಗಾಳಿ ಹಗುರಾಗಿ ಮೇಲೇರುತ್ತದೆ. ಸಮುದ್ರದ ಕಡೆಯ ಹಸಿಗಾಳಿ ಇದಕ್ಕೆ ಕೂಡಿತೆಂದರೆ ಮೋಡ 12 ಕಿ.ಮೀ.ಗೂ ಎತ್ತರ ಬೆಳೆಯಬಹುದು. ಸುಮಾರು 5 ಕಿ.ಮೀ. ಮೇಲೆ ಹೋದರೆ ಸೊನ್ನೆ ಡಿಗ್ರಿ ಚಳಿ. ಆದರೂ ಅಲ್ಲಿನ ಹನಿಗಳೆಲ್ಲ ಕೂಡಲೇ ಗಟ್ಟಿಯಾಗುವುದಿಲ್ಲ. ಸಣ್ಣ ಹನಿ ಸೊನ್ನೆಗಿಂತ 15-20 ಡಿಗ್ರಿ ಕೆಳಗೂ ನೀರಾಗಿಯೇ ಇರಬಲ್ಲದು, ಹೆಪ್ಪು ಹಾಕದ ಹಾಲಿನಂತೆ. ಧೂಳಿನ ಕಣವೋ ಐಸಿನ ಚೂರೋ ಅದಕ್ಕೆ ಹೆಪ್ಪು.

ಲಡಾಖಿನ ಝನ್ಸ್ಕಾರ್ ನದಿ ಚಳಿಗಾಲದಲ್ಲಿ ಗಟ್ಟಿಯಾಗುವಾಗಲೂ ಇಂಥದೇ ಆಟ. ಹರಿವ ನೀರು ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗಿಳಿದಾಗ ನೀರೊಳಗೇ ಐಸಿನ ನವುರು ಚೂರುಗಳು ಹುಟ್ಟುತ್ತವೆ. ಒಂದಕ್ಕೊಂದು ಅಂಟಿ ತೇಲಿ, ದಂಡೆಯ ಐಸಿಗೆ ಕೂಡಿ ಹಾಸಾಗುತ್ತವೆ. ಅದಕ್ಕೆ 'ಚಾದರ್' ಅಂತಾರೆ, ಜನ ಮೇಲೆ ನಡೆದೇ ಹೋಗುತ್ತಾರೆ. ನಮ್ಮ ಘಟಪ್ರಭೆಗೆ ಆ ಚಳಿ ಇಲ್ಲ. ನಮಗೆ ಐಸು ಮೇಲಿಂದಲೇ ಬರಬೇಕು.

ಮೋಡದೊಳಗಿನ ಏರುಗಾಳಿ ಗಟ್ಟಿಯಾದ ಕಾಳನ್ನು ಬೀಳಗೊಡುವುದಿಲ್ಲ. ಅದು ಅಲ್ಲೇ ಓಲಾಡುತ್ತಿರುವಾಗ ತಣ್ಣನೆಯ ಹನಿಗಳು ಬಡಿದು ಅಂಟುತ್ತ ಹೋಗುತ್ತವೆ. ಗಾಳಿ ಹೊರಲಾರದಷ್ಟು ಭಾರವಾದಾಗ ಕೆಳಗೆ. ದೊಡ್ಡದೊಂದು ಕಲ್ಲನ್ನು ಒಡೆದು ನೋಡಿ, ಉಳ್ಳಾಗಡ್ಡಿಯಂತೆ ಸುತ್ತುಗಳು ಕಾಣುವುದುಂಟು. ಹನಿ ಥಟ್ಟನೆ ಗಟ್ಟಿಯಾಗಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಬಿಳಿ ಸುತ್ತು; ನೀರು ಹರಡಿ ನಿಧಾನ ಗಟ್ಟಿಯಾದರೆ ಗಾಜಿನಂಥ ಸುತ್ತು. ಅಂಗುಲ ದಪ್ಪದ ಕಲ್ಲು ತಾಸಿಗೆ 40 ಕಿ.ಮೀ. ವೇಗದಲ್ಲಿ ಬಂದು ಬಡಿದರೆ ಯಾವ ಕಾಯಿ ತಡೆದೀತು?

ಮುಂಗಾರು ಹಿಡಿದ ಮೇಲೆ ನೆಲ ತಣ್ಣಗಾಗಿ ಏರುಗಾಳಿಯ ಬಿರುಸು ತಗ್ಗುತ್ತದೆ, ಆಣೆಕಲ್ಲೂ ಅಪರೂಪ. ಭಯ ಇರುವುದು ದ್ರಾಕ್ಷಿ ಮಾಗುವ ಮಾರ್ಚ್‌ನಿಂದ ಮೇವರೆಗೆ. 2014ರ ಫೆಬ್ರುವರಿ-ಮಾರ್ಚ್‌ನಲ್ಲಿ ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ತೋಟಗಳು ಇದಕ್ಕೆ ಸಿಕ್ಕಿ ನೆಲಕಚ್ಚಿದ್ದವು.

ಪಟಾಕಿ, ತೋಪು ಹಾರಿಸಿದರೆ ಮೋಡ ಒಡೆಯುತ್ತದೆ ಎಂಬ ಮಾತಿಗೆ ದುಡ್ಡು ಸುರಿಯಬೇಡಿ, ಆಧಾರವಿಲ್ಲ. ತಡೆಯುವುದು ಬಲೆ ಮಾತ್ರ, ಅದು ದುಬಾರಿ. ದಾಳಿಂಬೆಯವರು ಕಲ್ಲು ಬಿದ್ದ ಮರುದಿನವೇ ಒಡೆದ ಕಾಯಿ, ಮುರಿದ ಟೊಂಗೆ ತೆಗೆದು ತೋಟದಾಚೆ ಹಾಕಬೇಕು. ದುಂಡಾಣು ಅಂಗಮಾರಿ ಒಳಹೊಗುವುದು ಆ ಗಾಯಗಳಿಂದಲೇ. ಗಾಯಕ್ಕೆ ಬೋರ್ಡೊ ದ್ರಾವಣ ಒಳ್ಳೆಯದು. ಕಾಯಿ ಇದ್ದಾಗ ಎಷ್ಟು ಪ್ರಮಾಣ ಎಂದು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೇಳಿಕೊಂಡು ಹೊಡೆಯಿರಿ. ಫಸಲ್ ಬಿಮಾ ಮಾಡಿಸಿದ ಬೆಳೆಯಾದರೆ ನಷ್ಟವನ್ನು 72 ತಾಸಿನೊಳಗೆ ತಿಳಿಸಬೇಕು. ಹೊಲ ಸ್ವಚ್ಛ ಮಾಡುವ ಮೊದಲೇ ಫೋಟೋ ತೆಗೆದಿಡಿ.